ಮೂತ್ರಪಿಂಡದ ದೀರ್ಘಕಾಲಿಕ ರೋಗ: ಉರಿಯೂತ ಅಪರಾಧಿಯೋ, ಸಾಕ್ಷಿಯೋ?

‘ದೀರ್ಘಕಾಲಿಕ ರೋಗಗಳೆಲ್ಲದರ ಬೇರು ಉರಿಯೂತ’ ಎಂಬ ಮಾತನ್ನು ನೀವು ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಹಲವು ಬಾರಿ ಓದಿರಬಹುದು. ಹೃದ್ರೋಗ, ಮಧುಮೇಹ, ಮರೆವಿನ ಕಾಯಿಲೆ ಇವುಗಳ ಸಾಲಿಗೆ ಮೂತ್ರಪಿಂಡಗಳ ದೀರ್ಘಕಾಲಿಕ ರೋಗವೂ ಸೇರಿಕೊಂಡಿದೆ. ಮಾತು ಸುಳ್ಳಲ್ಲ. ಆದರೆ ಅದು ಯಾವ ಅರ್ಥದಲ್ಲಿ ನಿಜ, ಎಷ್ಟರಮಟ್ಟಿಗೆ ನಿಜ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಗಮನಿಸಿ ನೋಡಿದರೆ ಆ ಒಂದು ವಾಕ್ಯದೊಳಗೆ ಮೂರು ಬೇರೆ ಬೇರೆ ಹೇಳಿಕೆಗಳು ಅಡಗಿವೆ. ಒಂದು, ರೋಗ ಇರುವಲ್ಲಿ ಉರಿಯೂತವೂ ಇರುತ್ತದೆ. ಎರಡು, ಆ ಉರಿಯೂತ ರೋಗವನ್ನು ಮುಂದಕ್ಕೆ ತಳ್ಳುತ್ತದೆ. ಮೂರು, ಉರಿಯೂತವನ್ನು ಅಡಗಿಸಿದರೆ ರೋಗ ನಿಲ್ಲುತ್ತದೆ. ಮೊದಲನೆಯದಕ್ಕೆ ಪುರಾವೆ ರಾಶಿ ರಾಶಿಯಾಗಿದೆ. ಎರಡನೆಯದಕ್ಕೆ ಸಾಕಷ್ಟಿದೆ. ಮೂರನೆಯದಕ್ಕೆ ತೀರ ಕಡಿಮೆ. ಕೆಲವೆಡೆ ಪುರಾವೆ ಅದಕ್ಕೆ ವಿರುದ್ಧವಾಗಿಯೇ ಇದೆ. ಆದರೂ ಬರೆಯುವವರು ಮೊದಲನೆಯದನ್ನು ತೋರಿಸಿ ಮೂರನೆಯದನ್ನು ನಂಬಿಸುವುದುಂಟು. ಈ ಲೇಖನದ ತಕರಾರು ಇರುವುದು ಆ ಜಾರಿಕೆಯ ಬಗ್ಗೆ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಅಳತೆ ಎಂದರೇನು, ಕಾರಣ ಎಂದರೇನು ಎಂಬ ಪ್ರಶ್ನೆಗಳು ಎರಡೂ ವಿಜ್ಞಾನಗಳಿಗೆ ಸೇರಿದವು.

ರೋಗದ ಸ್ವರೂಪ

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸರಾಸರಿ 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತಲೆಯಲ್ಲಿ ಗ್ಲೊಮೆರುಲಸ್ ಎಂಬ ಲೋಮನಾಳಗಳ ಗೋಜಲು, ಅದರ ಹಿಂದೆ ಒಂದು ಉದ್ದನೆಯ ನಾಳ. ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಈ ಎರಡು ಪುಟ್ಟ ಅಂಗಗಳ ಮೂಲಕ ಹರಿಯುತ್ತದೆ. ದಿನಕ್ಕೆ ಸೋಸಿ ಬರುವ ದ್ರವ ಸುಮಾರು 180 ಲೀಟರ್. ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಬಿಟ್ಟು ಉಳಿದದ್ದೆಲ್ಲ ಮತ್ತೆ ರಕ್ತಕ್ಕೆ ಸೇರುತ್ತದೆ.

ಸೋಸುವ ದರ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿಳಿದು, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಸೋರುವಂಥ ಹಾನಿಯ ಗುರುತು ಕಂಡು, ಆ ಸ್ಥಿತಿ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲಿಕ ರೋಗ ಎನ್ನುತ್ತಾರೆ. 2002ರಲ್ಲಿ ಅಮೆರಿಕದ ತಜ್ಞರು ರೂಪಿಸಿದ ಈ ವ್ಯಾಖ್ಯೆ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಒಂದು ಅಂದಾಜಿನ ಪ್ರಕಾರ 2017ರಲ್ಲಿ ಜಗತ್ತಿನಲ್ಲಿ ಸುಮಾರು 70 ಕೋಟಿ ಜನರಿಗೆ ಈ ರೋಗವಿತ್ತು. ಅವರಲ್ಲಿ ಡಯಾಲಿಸಿಸ್ ಹಂತ ಮುಟ್ಟುವವರು ಕೆಲವರು ಮಾತ್ರ. ಹೆಚ್ಚಿನವರು ಅದಕ್ಕೂ ಮೊದಲೇ ಹೃದಯಾಘಾತ, ಹೃದಯ ವೈಫಲ್ಯ, ಪಾರ್ಶ್ವವಾಯುಗಳಿಗೆ ತುತ್ತಾಗುತ್ತಾರೆ. ಮಧುಮೇಹ ಮತ್ತು ಏರಿದ ರಕ್ತದೊತ್ತಡ ಈ ರೋಗದ ಎರಡು ಮುಖ್ಯ ಕಾರಣಗಳು.

ಇಲ್ಲಿ ನಮ್ಮ ಭಾಷೆಯಿಂದಲೇ ಹುಟ್ಟುವ ಒಂದು ಗೊಂದಲವನ್ನು ಬಿಡಿಸಬೇಕು. ‘ಉರಿಯೂತ’ ಎಂಬ ಪದದಲ್ಲಿ ಉರಿಯೂ ಇದೆ, ಊತವೂ ಇದೆ. ಆದರೆ ಮೂತ್ರಪಿಂಡದ ದೀರ್ಘಕಾಲಿಕ ಉರಿಯೂತದಲ್ಲಿ ರೋಗಿಗೆ ಉರಿಯೂ ತಿಳಿಯುವುದಿಲ್ಲ, ಊತವೂ ಕಾಣುವುದಿಲ್ಲ. ಉರಿಮೂತ್ರ ಸಾಮಾನ್ಯವಾಗಿ ಮೂತ್ರನಾಳದ ಸೋಂಕಿನ ಲಕ್ಷಣ. ಅದು ಬೇರೆ ಸಂಗತಿ. ಮೂತ್ರಪಿಂಡ ಸೋತವರ ಕಾಲು ಬಾತುಕೊಳ್ಳುವುದು ಉಪ್ಪು ಮತ್ತು ನೀರು ದೇಹದಲ್ಲಿ ಉಳಿಯುವುದರಿಂದ. ನಾವು ಚರ್ಚಿಸುತ್ತಿರುವ ಉರಿಯೂತ ಸದ್ದಿಲ್ಲದೆ, ಜೀವಕೋಶಗಳ ಮಟ್ಟದಲ್ಲಿ, ವರ್ಷಗಟ್ಟಲೆ ನಡೆಯುವಂಥದು. ತರಗತಿಯಲ್ಲಿ ಈ ಪಾಠ ಮಾಡುವವರು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ವಾದದ ಬಲ

ಟೀಕಿಸುವ ಮೊದಲು ವಾದವನ್ನು ಅದರ ಪೂರ್ಣ ಬಲದಲ್ಲಿ ಮುಂದಿಡಬೇಕು. ಮೂತ್ರಪಿಂಡದ ನಾಳಗಳ ಗೋಡೆಯ ಕೋಶಗಳು ಪೆಟ್ಟು ತಿಂದಾಗ ಸುಮ್ಮನಿರುವುದಿಲ್ಲ. ಸಕ್ಕರೆಯ ಹೆಚ್ಚಳ, ಆಮ್ಲಜನಕದ ಕೊರತೆ, ಸೋರಿಬಂದ ಆಲ್ಬುಮಿನ್ ಇವುಗಳಲ್ಲಿ ಯಾವುದು ತಾಗಿದರೂ ಅವು ರಾಸಾಯನಿಕ ಸಂಜ್ಞೆಗಳನ್ನು ಹೊರಡಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಕೋಶದೊಳಗೆ ಈ ಸಂಜ್ಞೆಗಳಿಗೆ ಚಾಲನೆ ಕೊಡುವ ಪ್ರೋಟೀನ್‌ಗಳಲ್ಲಿ ಮುಖ್ಯವಾದುದು ಎನ್‌ಎಫ್–ಕಪ್ಪಾಬಿ. 1986ರಲ್ಲಿ ಇದನ್ನು ಗುರುತಿಸಿದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಕರೆಗೆ ಓಗೊಟ್ಟು ಬರುವ ಮ್ಯಾಕ್ರೊಫೇಜ್‌ಗಳು ಇಂಟರ್‌ಲ್ಯೂಕಿನ್–1, ಇಂಟರ್‌ಲ್ಯೂಕಿನ್–6 ಮೊದಲಾದ ಸೈಟೊಕೈನ್‌ಗಳನ್ನು ಸುರಿಸುತ್ತವೆ. ಗಾಯ ಮಾಯದೆ ಇದೇ ಸ್ಥಿತಿ ಮುಂದುವರಿದರೆ ಟಿಜಿಎಫ್–ಬೀಟಾ ಎಂಬ ಇನ್ನೊಂದು ಸಂಜ್ಞೆಯ ಪ್ರಭಾವದಿಂದ ಕೊಲಾಜನ್ ನಾರು ಶೇಖರವಾಗುತ್ತದೆ. ಸೋಸುವ ಅಂಗಾಂಶದ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಹೀಗೆ ನಾರುಗಟ್ಟಿದ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ರೋಗ ಮುಂದುವರಿದಂತೆ ರಕ್ತದಲ್ಲಿ ಕಶ್ಮಲಗಳು ಸೇರುತ್ತವೆ. ಕರುಳಿನ ಬ್ಯಾಕ್ಟೀರಿಯಗಳ ಚಟುವಟಿಕೆಯಿಂದ ಹುಟ್ಟುವ ಇಂಡಾಕ್ಸಿಲ್ ಸಲ್ಫೇಟಿನಂಥ ವಸ್ತುಗಳು ರಕ್ತನಾಳಗಳ ಒಳಗೋಡೆಯನ್ನು ಕೆರಳಿಸುತ್ತವೆ. ಇವೆಲ್ಲ ಪ್ರಯೋಗಶಾಲೆಯಲ್ಲಿ ಕಂಡ ಸತ್ಯಗಳು. 1999ರಲ್ಲಿ ಸ್ವೀಡನ್ನಿನ ಪೀಟರ್ ಸ್ಟೆನ್‌ವಿಂಕೆಲ್ ಮತ್ತು ಸಂಗಡಿಗರು ಮೂತ್ರಪಿಂಡ ಸೋತ ರೋಗಿಗಳಲ್ಲಿ ಅಪೌಷ್ಟಿಕತೆ, ಉರಿಯೂತ, ರಕ್ತನಾಳಗಳ ಪೆಡಸು ಈ ಮೂರೂ ಒಟ್ಟೊಟ್ಟಿಗೆ ಇರುವುದನ್ನು ತೋರಿಸಿದರು. ಅದೇ ವರ್ಷ ಜರ್ಮನಿಯ ಮತ್ತೊಂದು ತಂಡ, ಡಯಾಲಿಸಿಸ್‌ನಲ್ಲಿರುವವರ ಪೈಕಿ ಉರಿಯೂತದ ಸೂಚಕ ಏರಿದವರಲ್ಲಿ ಸಾವು ಹೆಚ್ಚು ಎಂದು ವರದಿ ಮಾಡಿತು. ಈ ವಾದ ಜನಪ್ರಿಯವಾದದ್ದು ಅಲ್ಲಿಂದಾಚೆಗೆ.

ಮೊದಲ ತಕರಾರು: ಅಳತೆ

ಉರಿಯೂತವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಅಳೆಯುವುದು ರಕ್ತದಲ್ಲಿನ ಕೆಲವು ಪ್ರೋಟೀನ್‌ಗಳ ಸಾಂದ್ರತೆಯನ್ನು. ಇಲ್ಲಿ ಪಿಯುಸಿ ವಿದ್ಯಾರ್ಥಿಯೂ ಮಾಡಬಹುದಾದ ಒಂದು ಲೆಕ್ಕವಿದೆ.

ತೊಟ್ಟಿಯೊಂದಕ್ಕೆ ನಲ್ಲಿಯಿಂದ ನೀರು ಬೀಳುತ್ತಿದೆ, ತಳದ ತೂತಿನಿಂದ ಹೊರಹೋಗುತ್ತಿದೆ ಎಂದುಕೊಳ್ಳಿ. ಮಟ್ಟ ಸ್ಥಿರವಾಗಿರಬೇಕಾದರೆ ಒಳಬರುವುದೂ ಹೊರಹೋಗುವುದೂ ಸಮನಾಗಿರಬೇಕು. ತೂತು ಕಿರಿದಾದರೆ, ನಲ್ಲಿಯನ್ನು ಮುಟ್ಟದಿದ್ದರೂ ಮಟ್ಟ ಏರುತ್ತದೆ. ರಕ್ತದಲ್ಲಿನ ಯಾವುದೇ ವಸ್ತುವಿಗೂ ಇದೇ ನಿಯಮ: ಸಾಂದ್ರತೆ ಎಂದರೆ ಉತ್ಪಾದನೆಯ ದರವನ್ನು ವಿಲೇವಾರಿಯ ಸಾಮರ್ಥ್ಯದಿಂದ ಭಾಗಿಸಿದ ಮೊತ್ತ. ವಿಲೇವಾರಿ ಅರ್ಧಕ್ಕಿಳಿದರೆ ಸಾಂದ್ರತೆ ಎರಡರಷ್ಟಾಗುತ್ತದೆ.

ಇಂಟರ್‌ಲ್ಯೂಕಿನ್–6 ಒಂದು ಸಣ್ಣ ಪ್ರೋಟೀನು. ಅದನ್ನು ರಕ್ತದಿಂದ ತೆಗೆಯುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ಪಾಲಿದೆ. ಹಾಗಿರುವಾಗ ಮೂತ್ರಪಿಂಡ ಸೋತವರಲ್ಲಿ ಅದರ ಪ್ರಮಾಣ ಏರಿರುವುದು ಉರಿಯೂತ ಹೆಚ್ಚಾದದ್ದರಿಂದಲೋ, ತೂತು ಕಟ್ಟಿಕೊಂಡದ್ದರಿಂದಲೋ? ಆ ಒಂದು ಸಂಖ್ಯೆಯಿಂದ ಹೇಳಲಾಗದು. ಸಿ–ರಿಯಾಕ್ಟಿವ್ ಪ್ರೋಟೀನಿನ ಕತೆ ಬೇರೆ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡುಹಿಡಿದ, ವೈದ್ಯರು ಸಿಆರ್‌ಪಿ ಎಂದು ಕರೆಯುವ ಈ ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುತ್ತದೆ. ಇದು ಆಲ್ಬುಮಿನ್‌ಗಿಂತ ದೊಡ್ಡ ಅಣು. ಮೂತ್ರಪಿಂಡದ ಜರಡಿಯಲ್ಲಿ ಇಳಿಯುವುದಿಲ್ಲ. ಆರೋಗ್ಯವಂತರಲ್ಲೂ ರೋಗಿಗಳಲ್ಲೂ ಇದರ ಅರ್ಧಾಯು ಹೆಚ್ಚು ಕಡಿಮೆ 19 ಗಂಟೆ. ಆದ್ದರಿಂದ ಸಿಆರ್‌ಪಿ ಏರಿದರೆ ಉತ್ಪಾದನೆಯೇ ಏರಿದೆ ಎನ್ನಬಹುದು. ಇವೆರಡು ಪ್ರೋಟೀನ್‌ಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ‘ಸೂಚಕಗಳು ಏರಿವೆ’ ಎಂದು ಬರೆದುಬಿಡುವ ಲೇಖನ ಓದುಗನಿಗೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಸಿಆರ್‌ಪಿ ಕೂಡ ಉರಿಯೂತ ಎಲ್ಲಿದೆ ಎಂದು ಹೇಳುವುದಿಲ್ಲ. ಒಸಡಿನ ಸೋಂಕು, ಡಯಾಲಿಸಿಸ್‌ಗಾಗಿ ಹಾಕಿದ ತೂರುನಳಿಕೆ, ಬೊಜ್ಜು, ಹೃದಯ ವೈಫಲ್ಯ ಹೀಗೆ ಯಾವುದರಿಂದಲೂ ಅದು ಏರಬಹುದು. ಜ್ವರಮಾಪಕ ಜ್ವರ ಎಷ್ಟಿದೆ ಎಂದು ಹೇಳುತ್ತದೆ, ಮಲೇರಿಯವೋ ಟೈಫಾಯ್ಡೋ ಎಂದು ಹೇಳುವುದಿಲ್ಲ.

ಎರಡನೆಯ ತಕರಾರು: ಜೊತೆಗಿದ್ದ ಮಾತ್ರಕ್ಕೆ ಕಾರಣವೇ?

ಉರಿಯೂತ ಹೆಚ್ಚಿದ್ದವರಲ್ಲಿ ಸಾವು ಹೆಚ್ಚು ಎಂಬುದು ಸಹಸಂಬಂಧ. ಸಹಸಂಬಂಧದಿಂದ ಕಾರಣಕ್ಕೆ ನೆಗೆಯಬಾರದು ಎಂಬ ಪಾಠವನ್ನು ಇದೇ ರೋಗ ಇನ್ನೊಂದು ದಿಕ್ಕಿನಿಂದ ಕಲಿಸಿದೆ. ಡಯಾಲಿಸಿಸ್ ರೋಗಿಗಳಲ್ಲಿ ಕೊಲೆಸ್ಟೆರಾಲ್ ಹೆಚ್ಚಿದ್ದವರೇ ಹೆಚ್ಚು ಕಾಲ ಬದುಕುವುದು ಕಂಡುಬಂದಿತ್ತು. ಹಾಗಾದರೆ ಅವರಿಗೆ ಕೊಲೆಸ್ಟೆರಾಲ್ ರಕ್ಷೆಯೇ? 2004ರಲ್ಲಿ ಅಮೆರಿಕದ ಸಂಶೋಧಕರು 823 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಉರಿಯೂತವೂ ಅಪೌಷ್ಟಿಕತೆಯೂ ಇಲ್ಲದವರಲ್ಲಿ ಕೊಲೆಸ್ಟೆರಾಲ್ ಏರಿದಷ್ಟೂ ಸಾವು ಹೆಚ್ಚು, ಎಲ್ಲರಲ್ಲೂ ಇರುವಂತೆಯೇ. ಉರಿಯೂತವೋ ಅಪೌಷ್ಟಿಕತೆಯೋ ಇದ್ದವರಲ್ಲಿ ಆ ಸಂಬಂಧ ಮಾಯವಾಗಿತ್ತು. ದೇಹ ಸೊರಗಿದಾಗ ಕೊಲೆಸ್ಟೆರಾಲ್ ಇಳಿಯುತ್ತದೆ, ಸಾವೂ ಹತ್ತಿರವಾಗುತ್ತದೆ. ಇಳಿದ ಕೊಲೆಸ್ಟೆರಾಲ್ ಸಾವಿಗೆ ಕಾರಣವಲ್ಲ. ತೆರೆಯ ಹಿಂದೆ ನಿಂತ ಮೂರನೆಯ ಅಂಶ ಇಡೀ ಚಿತ್ರವನ್ನು ತಲೆಕೆಳಗು ಮಾಡಿತ್ತು. ಅಲ್ಲಿ ಉರಿಯೂತ ತೆರೆಯ ಹಿಂದಿತ್ತು. ಉರಿಯೂತದ ಹಿಂದೆ ಇನ್ನೇನಿದೆ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು.

ಇದನ್ನು ಬಿಡಿಸಲು ತಳಿವಿಜ್ಞಾನ ಒಂದು ಜಾಣ ದಾರಿ ತೋರಿಸಿದೆ. ಕೆಲವರಲ್ಲಿ ಹುಟ್ಟಿನಿಂದಲೇ ಜೀನಿನ ವ್ಯತ್ಯಾಸದಿಂದ ಸಿಆರ್‌ಪಿ ತುಸು ಹೆಚ್ಚಿರುತ್ತದೆ. ಸಿಆರ್‌ಪಿ ಹೃದ್ರೋಗಕ್ಕೆ ಕಾರಣವಾಗಿದ್ದರೆ ಇವರಲ್ಲಿ ಹೃದಯಾಘಾತ ಹೆಚ್ಚಿರಬೇಕಿತ್ತು. 2009 ಮತ್ತು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಹಾಗೇನೂ ಕಾಣಲಿಲ್ಲ. ಆದರೆ 2012ರಲ್ಲಿ, ಇಂಟರ್‌ಲ್ಯೂಕಿನ್–6 ತನ್ನ ಸಂಜ್ಞೆ ಮುಟ್ಟಿಸುವ ಗ್ರಾಹಿಯ ಜೀನಿನಲ್ಲಿ ವ್ಯತ್ಯಾಸವಿದ್ದು ಸಂಜ್ಞೆ ದುರ್ಬಲವಾಗಿದ್ದವರಲ್ಲಿ ಹೃದ್ರೋಗ ಕಡಿಮೆ ಎಂದು ತಿಳಿಯಿತು. ಅಂದರೆ ಹೃದಯದ ಮಟ್ಟಿಗೆ ಸಿಆರ್‌ಪಿ ಹೊಗೆ. ಬೆಂಕಿ ಅದಕ್ಕಿಂತ ಒಂದು ಹೆಜ್ಜೆ ಹಿಂದಿದೆ. ‘ಉರಿಯೂತ’ ಎಂಬ ಒಂದೇ ಹೆಸರಿನ ಕೆಳಗೆ ನಿರಪರಾಧಿಗಳೂ ಇದ್ದಾರೆ, ಅಪರಾಧದಲ್ಲಿ ಪಾಲುಗೊಂಡವರೂ ಇದ್ದಾರೆ.

ಮೂರನೆಯ ತಕರಾರು: ಬಾಣದ ಚಿತ್ರಗಳು

ಈ ವಿಷಯದ ಮೇಲಿನ ಪರಾಮರ್ಶನ ಲೇಖನಗಳಲ್ಲಿ ತಪ್ಪದೆ ಒಂದು ಚಿತ್ರವಿರುತ್ತದೆ. ಮೂತ್ರಪಿಂಡದ ಹಾನಿಯಿಂದ ಉರಿಯೂತಕ್ಕೆ ಒಂದು ಬಾಣ, ಉರಿಯೂತದಿಂದ ಹಾನಿಗೆ ಇನ್ನೊಂದು ಬಾಣ. ಮಧ್ಯೆ ‘ವಿಷವರ್ತುಲ’ ಎಂಬ ಶೀರ್ಷಿಕೆ. ಬಾಣ ದಿಕ್ಕನ್ನು ತೋರಿಸುತ್ತದೆ, ಬಲವನ್ನು ತೋರಿಸುವುದಿಲ್ಲ. ಬಲ ಗೊತ್ತಿಲ್ಲದ ವರ್ತುಲದಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಎಲೆಕ್ಟ್ರಾನಿಕ್ಸ್ ಪಾಠದಲ್ಲಿ ಇದನ್ನು ಫೀಡ್‌ಬ್ಯಾಕ್ ಎನ್ನುತ್ತೇವೆ. ಮೂಲ ಪೆಟ್ಟಿನಿಂದ ಆದ ಹಾನಿ 1 ಎಂದಿಟ್ಟುಕೊಳ್ಳಿ. ಅದರಿಂದ ಹುಟ್ಟಿದ ಉರಿಯೂತ ಒಂದು ಸುತ್ತಿನಲ್ಲಿ ಮತ್ತೆ 0.2ರಷ್ಟು ಹಾನಿ ಸೇರಿಸುತ್ತದೆ, ಆ 0.2 ಮತ್ತೆ 0.04ನ್ನು ಸೇರಿಸುತ್ತದೆ. ಈ ಶ್ರೇಣಿಯ ಮೊತ್ತ 1.25. ಇಲ್ಲಿ ಉರಿಯೂತವನ್ನು ಪೂರ್ತಿಯಾಗಿ ಅಳಿಸಿದರೂ ಹಾನಿ ಶೇಕಡ 20ರಷ್ಟು ಮಾತ್ರ ಕಡಿಮೆಯಾಗುತ್ತದೆ. ಪ್ರತಿ ಸುತ್ತಿನ ಗುಣಕ 0.9 ಆಗಿದ್ದರೆ ಮೊತ್ತ 10. ಆಗ ಉರಿಯೂತವನ್ನು ತಡೆದರೆ ಶೇಕಡ 90ರಷ್ಟು ಹಾನಿ ತಪ್ಪುತ್ತದೆ. ಎರಡಕ್ಕೂ ಬರೆಯುವ ಚಿತ್ರ ಒಂದೇ, ಬಾಣಗಳು ಅವೇ. ಚಿಕಿತ್ಸೆಯ ಫಲ ಮಾತ್ರ ಅಜಗಜಾಂತರ. ಈ ಸಂಖ್ಯೆಗಳು ಕೇವಲ ಉದಾಹರಣೆಗೆ. ನಿಜವಾದ ಗುಣಕ ಎಷ್ಟು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಇಲಿಗಳಿಂದ ಉತ್ತರ ಪಡೆಯುವುದರಲ್ಲೂ ತೊಡಕಿದೆ. ಉರಿಯೂತದಿಂದ ನಾರುಗಟ್ಟುವುದನ್ನು ಅಧ್ಯಯನ ಮಾಡಲು ಹೆಚ್ಚಾಗಿ ಬಳಸುವ ಮಾದರಿಯಲ್ಲಿ ಇಲಿಯ ಒಂದು ಮೂತ್ರನಾಳವನ್ನು ದಾರದಿಂದ ಕಟ್ಟುತ್ತಾರೆ. ಒಂದೆರಡು ವಾರಗಳಲ್ಲಿ ಆ ಮೂತ್ರಪಿಂಡ ನಾರುಗಟ್ಟುತ್ತದೆ. ಮನುಷ್ಯರಲ್ಲಿ ಮಧುಮೇಹದಿಂದ ಇಂಥದೇ ಸ್ಥಿತಿ ಬರಲು ಹತ್ತಿಪ್ಪತ್ತು ವರ್ಷ ಬೇಕು. ಕಾಲಮಾನ ಇಷ್ಟು ಬೇರೆಯಾಗಿರುವ ಎರಡು ಪ್ರಕ್ರಿಯೆಗಳಲ್ಲಿ ಗುಣಕ ಒಂದೇ ಇರುತ್ತದೆ ಎಂದು ಊಹಿಸಲು ಆಧಾರವಿಲ್ಲ.

ವರ್ತುಲವನ್ನು ಕತ್ತರಿಸಿ ನೋಡಿದಾಗ

ಗುಣಕವನ್ನು ತಿಳಿಯಲು ಇರುವ ನೇರ ದಾರಿ ಒಂದೇ: ಮನುಷ್ಯರಲ್ಲಿ ವರ್ತುಲವನ್ನು ಕತ್ತರಿಸಿ ನೋಡುವುದು. ಅಂಥ ಪ್ರಯೋಗಗಳು ನಡೆದಿವೆ.

2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದು ಸಿಆರ್‌ಪಿ ಏರಿದ್ದ 10,061 ಜನ ಪಾಲ್ಗೊಂಡಿದ್ದರು. ಇಂಟರ್‌ಲ್ಯೂಕಿನ್–1 ಬೀಟಾವನ್ನು ಹಿಡಿದುಹಾಕುವ ಕನಕಿನುಮ್ಯಾಬ್ ಚುಚ್ಚುಮದ್ದನ್ನು 150 ಮಿಲಿಗ್ರಾಂ ಪ್ರಮಾಣದಲ್ಲಿ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇಕಡ 15ರಷ್ಟು ಕಡಿಮೆಯಾದವು. ಕೊಲೆಸ್ಟೆರಾಲ್ ಬದಲಾಗದೆ ಇದು ಸಾಧ್ಯವಾದದ್ದು ದೊಡ್ಡ ಸುದ್ದಿ. ಉರಿಯೂತದ ವಾದಕ್ಕೆ ಸಿಕ್ಕ ಗಟ್ಟಿ ಬೆಂಬಲ ಇದು, ಅದನ್ನು ಒಪ್ಪಲೇಬೇಕು. ಆದರೆ ಮಾರಕ ಸೋಂಕುಗಳು ಹೆಚ್ಚಾದವು, ಒಟ್ಟು ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಜನರಲ್ಲಿ 1,875 ಮಂದಿಗೆ ಮೂತ್ರಪಿಂಡದ ಸೋಸುವ ದರ 60ಕ್ಕಿಂತ ಕೆಳಗಿತ್ತು. ಅವರ ಹೃದಯಕ್ಕೆ ಉಪಕಾರವಾಯಿತು. ಅವರ ಮೂತ್ರಪಿಂಡ? ಸೋಸುವ ದರದಲ್ಲಾಗಲಿ ಆಲ್ಬುಮಿನ್ ಸೋರಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ, ಹಾನಿಯೂ ಆಗಲಿಲ್ಲ. ಒಂದು ಸೈಟೊಕೈನನ್ನು ಮಾತ್ರ ತಡೆದ, ಹೃದ್ರೋಗಕ್ಕಾಗಿ ರೂಪಿಸಿದ ಪ್ರಯೋಗದಿಂದ ಅಂತಿಮ ತೀರ್ಪು ಬರುವುದಿಲ್ಲ. ಆದರೂ ಒಂದೇ ದೇಹದ ಎರಡು ಅಂಗಗಳಲ್ಲಿ ಗುಣಕ ಬೇರೆ ಬೇರೆ ಇರಬಹುದು ಎಂಬ ಸುಳಿವು ಅದರಲ್ಲಿದೆ.

ಇನ್ನೂ ತೀಕ್ಷ್ಣವಾದ ಪಾಠ ಬಾರ್ಡೊಕ್ಸಲೋನ್ ಎಂಬ ಔಷಧದ್ದು. ಎನ್‌ಎಫ್–ಕಪ್ಪಾಬಿಯನ್ನು ತಗ್ಗಿಸಿ ಉರಿಯೂತವನ್ನು ಹದಗೊಳಿಸುವುದು ಇದರ ಉದ್ದೇಶ. 2011ರಲ್ಲಿ 227 ಮಧುಮೇಹಿಗಳ ಪ್ರಯೋಗದಲ್ಲಿ 24 ವಾರಗಳೊಳಗೆ ಸೋಸುವ ದರ ಏರಿತು. ಇಳಿಯುವುದನ್ನೇ ಕಂಡಿದ್ದ ವೈದ್ಯರಿಗೆ ಏರಿಕೆ ಪವಾಡದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಕೂಡಲೇ 2,185 ರೋಗಿಗಳ ಬೀಕನ್ ಪ್ರಯೋಗ ಆರಂಭವಾಯಿತು. 2012ರ ಅಕ್ಟೋಬರಿನಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿ 96 ಮಂದಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದರು ಅಥವಾ ತೀರಿಕೊಂಡರು. ಹುಸಿಗುಳಿಗೆ ಪಡೆದವರಲ್ಲಿ ಈ ಸಂಖ್ಯೆ 55. ಮೂತ್ರಪಿಂಡ ಪೂರ್ತಿ ಸೋಲುವುದು ಅಥವಾ ಹೃದ್ರೋಗದಿಂದ ಸಾಯುವುದು ಎಂಬ ಮುಖ್ಯ ಫಲಿತಾಂಶದಲ್ಲಿ ಎರಡೂ ಗುಂಪುಗಳಲ್ಲಿ ತಲಾ 69. ಸೋಸುವ ದರ ಏರಿತ್ತು, ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯೂ ಏರಿತ್ತು.

ಇಲ್ಲಿ ಅಳತೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಸೋಸುವ ದರವನ್ನು ಸಾಮಾನ್ಯವಾಗಿ ರಕ್ತದ ಕ್ರಿಯಾಟಿನಿನ್‌ನಿಂದ ಅಂದಾಜು ಮಾಡುತ್ತಾರೆ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುತ್ತದೆ. ಈ ಔಷಧ ತೆಗೆದುಕೊಂಡವರ ತೂಕ ಇಳಿದಿತ್ತು. ಸ್ನಾಯು ಕರಗಿದರೆ ಕ್ರಿಯಾಟಿನಿನ್ ತಾನಾಗಿಯೇ ಇಳಿದು, ಲೆಕ್ಕದಲ್ಲಿ ಸೋಸುವ ದರ ಏರಿದಂತೆ ಕಾಣುತ್ತದೆ. ಇದು ಬರೀ ಲೆಕ್ಕದ ಭ್ರಮೆಯೇ ಎಂದು ಕೆಲವರು ಕೇಳಿದರು. 2020ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ ಇನ್ಯುಲಿನ್ ಎಂಬ ವಸ್ತುವನ್ನು ಬಳಸಿ ನೇರವಾಗಿ ಅಳೆದಾಗ ಏರಿಕೆ ನಿಜ ಎಂದೇ ತಿಳಿಯಿತು. ಹಾಗಾದರೆ ಸಂಖ್ಯೆ ನಿಜ. ಆದರೆ ಏರಿದ ಸಂಖ್ಯೆಯೇ ಗುಣವಾದ ಅಂಗವಲ್ಲ. ಉಳಿದಿರುವ ನೆಫ್ರಾನ್‌ಗಳನ್ನು ಇನ್ನಷ್ಟು ದುಡಿಸಿದರೂ ಸೋಸುವ ದರ ಏರುತ್ತದೆ; ಬಸವಳಿದ ಎತ್ತಿಗೆ ಚಾಟಿ ಬೀಸಿದರೆ ಗಾಡಿ ಸ್ವಲ್ಪ ದೂರ ಓಡುವಂತೆ.

ಭೌತಶಾಸ್ತ್ರ ಹೇಳಿದ ದಾರಿ

ಈ ಮಾತಿಗೆ ಹಳೆಯ ಆಧಾರವಿದೆ. 1982ರಲ್ಲಿ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು ಒಂದು ಸರಳ ವಾದವನ್ನು ಮುಂದಿಟ್ಟರು. ನೆಫ್ರಾನ್‌ಗಳು ಸತ್ತಂತೆ ಉಳಿದವುಗಳ ಮೇಲೆ ಹೊರೆ ಬೀಳುತ್ತದೆ. ಅವುಗಳ ಗ್ಲೊಮೆರುಲಸ್‌ಗಳಲ್ಲಿ ಒತ್ತಡ ಏರುತ್ತದೆ. ಆ ಒತ್ತಡವೇ ಅವನ್ನೂ ಕೊಲ್ಲುತ್ತದೆ. ಇದೂ ವಿಷವರ್ತುಲವೇ, ಆದರೆ ಇದರಲ್ಲಿರುವುದು ಒತ್ತಡ ಮತ್ತು ಹರಿವು. ಗ್ಲೊಮೆರುಲಸ್‌ಗೆ ಒಂದು ಕಿರುಧಮನಿ ರಕ್ತ ತರುತ್ತದೆ, ಇನ್ನೊಂದು ಹೊರಗೊಯ್ಯುತ್ತದೆ. ಹೊರದಾರಿ ಹಿಗ್ಗಿದರೆ ನಡುವಿನ ಒತ್ತಡ ಇಳಿಯುತ್ತದೆ. ಒಳದಾರಿ ಕುಗ್ಗಿದರೂ ಇಳಿಯುತ್ತದೆ. ನೀರಿನ ಕೊಳವೆಯ ಲೆಕ್ಕ ಗೊತ್ತಿರುವ ಯಾರಿಗಾದರೂ ಇದು ಅರ್ಥವಾಗುತ್ತದೆ.

1993ರಲ್ಲಿ ಕ್ಯಾಪ್ಟೊಪ್ರಿಲ್, 2001ರಲ್ಲಿ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಔಷಧಗಳು ಮಧುಮೇಹಿಗಳ ಮೂತ್ರಪಿಂಡಗಳನ್ನು ಕಾಪಾಡುತ್ತವೆ ಎಂದು ಸಿದ್ಧವಾಯಿತು. ಇವು ಹೊರದಾರಿಯನ್ನು ಹಿಗ್ಗಿಸುತ್ತವೆ. ಮುಂದೆ ಗ್ಲಿಫ್ಲೊಜಿನ್ ಗುಂಪಿನ ಔಷಧಗಳು ಬಂದವು. ನಾಳದಲ್ಲಿ ಸಕ್ಕರೆ ಮತ್ತು ಸೋಡಿಯಂ ಮರಳಿ ಹೀರಲ್ಪಡುವುದನ್ನು ತಡೆದು, ಆ ಮೂಲಕ ಒಳದಾರಿಯನ್ನು ಕುಗ್ಗಿಸುವುದು ಇವುಗಳ ಮುಖ್ಯ ಬಗೆ. 2019ರ ಕ್ರೆಡೆನ್ಸ್ ಪ್ರಯೋಗದಲ್ಲಿ ಶೇಕಡ 30, 2020ರ ಡಾಪಾ–ಸಿಕೆಡಿಯಲ್ಲಿ ಶೇಕಡ 39, 2023ರಲ್ಲಿ ಪ್ರಕಟವಾದ 6,609 ಜನರ ಎಂಪಾ–ಕಿಡ್ನಿಯಲ್ಲಿ ಶೇಕಡ 28ರಷ್ಟು ಮುಖ್ಯ ಅಪಾಯ ತಗ್ಗಿತು. ಕೊನೆಯ ಎರಡರಲ್ಲಿ ಮಧುಮೇಹವಿಲ್ಲದವರೂ ಇದ್ದರು.

ಈಗ ಒಂದು ಸಂಗತಿಯನ್ನು ಹೋಲಿಸಿ ನೋಡಿ. ಈ ಎಲ್ಲ ಔಷಧಗಳನ್ನು ಆರಂಭಿಸಿದಾಗ ಮೊದಲು ಸೋಸುವ ದರ ತುಸು ಇಳಿಯುತ್ತದೆ. ಹೊರೆ ಇಳಿದದ್ದರ ಗುರುತು ಅದು. ಆಮೇಲೆ ವರ್ಷಗಟ್ಟಲೆ ಇಳಿಕೆ ನಿಧಾನವಾಗುತ್ತದೆ. ಬಾರ್ಡೊಕ್ಸಲೋನ್ ಸೋಸುವ ದರವನ್ನು ಏರಿಸಿತು, ರೋಗಿಗಳಿಗೆ ಒಳಿತಾಗಲಿಲ್ಲ. ಇವು ಮೊದಲು ಇಳಿಸಿದವು, ರೋಗಿಗಳಿಗೆ ಒಳಿತಾಯಿತು. ಮೀಟರಿನ ಮುಳ್ಳನ್ನು ಮಾತ್ರ ನೋಡುತ್ತಿದ್ದವರು ಎರಡೂ ಕಡೆ ತಪ್ಪು ತೀರ್ಮಾನಕ್ಕೆ ಬರುತ್ತಿದ್ದರು.

ಒತ್ತಡ ತಗ್ಗಿದಾಗ ಉರಿಯೂತದ ಸಂಜ್ಞೆಗಳೂ ತಗ್ಗುತ್ತವೆ, ಆದ್ದರಿಂದ ಈ ಔಷಧಗಳೂ ಉರಿಯೂತ ನಿವಾರಕಗಳೇ ಎಂದು ವಾದಿಸುವವರಿದ್ದಾರೆ. ಅಲ್ಲಿ ಮತ್ತೆ ಕಾರಣ ಮತ್ತು ಪರಿಣಾಮಗಳು ಅದಲುಬದಲಾಗುವ ಅಪಾಯವಿದೆ. ಪೆಟ್ಟು ನಿಂತರೆ ಗಾಯದ ಸುತ್ತಲಿನ ಗದ್ದಲವೂ ನಿಲ್ಲುತ್ತದೆ. ಗದ್ದಲ ನಿಂತದ್ದರಿಂದ ಪೆಟ್ಟು ನಿಂತಿತು ಎನ್ನಲಾಗದು. 2020ರಲ್ಲಿ ಫಿನೆರೆನೋನ್ ಔಷಧ ಮೂತ್ರಪಿಂಡದ ಅಪಾಯವನ್ನು ಶೇಕಡ 18ರಷ್ಟು ತಗ್ಗಿಸಿದಾಗಲೂ ಅದರ ಶ್ರೇಯಸ್ಸನ್ನು ಉರಿಯೂತ ಶಮನಕ್ಕೆ ಕೊಟ್ಟವರುಂಟು. ಆ ಔಷಧ ಆಲ್ಬುಮಿನ್ ಸೋರಿಕೆಯನ್ನೂ ರಕ್ತದೊತ್ತಡವನ್ನು ಸ್ವಲ್ಪಮಟ್ಟಿಗೂ ಇಳಿಸುತ್ತದೆ. ಯಾವುದರ ಪಾಲು ಎಷ್ಟು ಎಂಬುದನ್ನು ಆ ಪ್ರಯೋಗ ಬಿಡಿಸಿ ಹೇಳುವುದಿಲ್ಲ.

ಉರಿಯೂತವೇ ಅಪರಾಧಿಯಾದಾಗ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಗೂ ನ್ಯಾಯ ಸಲ್ಲಬೇಕು. ಕೆಲವು ರೋಗಗಳಲ್ಲಿ ಉರಿಯೂತವೇ ಮೊದಲ ಪೆಟ್ಟು. ಲೂಪಸ್‌ನಿಂದ ಬರುವ ಮೂತ್ರಪಿಂಡ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ಲೊಮೆರುಲಸ್ ಮೇಲೆ ಎರಗುತ್ತದೆ. ಅಲ್ಲಿ ಸ್ಟೀರಾಯ್ಡ್ ಮತ್ತಿತರ ಔಷಧಗಳಿಂದ ಉರಿಯೂತವನ್ನು ಅಡಗಿಸುವುದೇ ಚಿಕಿತ್ಸೆ. ತಡಮಾಡಿದರೆ ಮೂತ್ರಪಿಂಡ ಕೈತಪ್ಪುತ್ತದೆ. ಐಜಿಎ ಎಂಬ ಪ್ರತಿಕಾಯ ಶೇಖರವಾಗಿ ಬರುವ ರೋಗದಲ್ಲೂ ಸ್ಟೀರಾಯ್ಡಿನಿಂದ ಪ್ರಯೋಜನವಿದೆ. ಆದರೆ ಭಾರತದ ರೋಗಿಗಳೂ ಪಾಲ್ಗೊಂಡಿದ್ದ ಟೆಸ್ಟಿಂಗ್ ಎಂಬ ಪ್ರಯೋಗದಲ್ಲಿ ಪೂರ್ಣ ಪ್ರಮಾಣ ಕೊಟ್ಟಾಗ ಗಂಭೀರ ಸೋಂಕುಗಳು ಕಂಡು, ಪ್ರಮಾಣ ತಗ್ಗಿಸಿ ಮುಂದುವರಿಸಬೇಕಾಯಿತು. ಉರಿಯೂತ ದೇಹದ ಶತ್ರುವಲ್ಲ. ರೋಗಾಣುಗಳನ್ನು ತಡೆಯುವುದೂ ಗಾಯ ಮಾಯಿಸುವುದೂ ಅದರ ಕೆಲಸ. ಕ್ಯಾಂಟೋಸ್‌ನಲ್ಲೂ ಇಲ್ಲೂ ತೆತ್ತ ಬೆಲೆ ಒಂದೇ ಬಗೆಯದು.

ಮುಂದಿನ ಪರೀಕ್ಷೆಯೂ ರೂಪುಗೊಂಡಿದೆ. ಇಂಟರ್‌ಲ್ಯೂಕಿನ್–6ನ್ನು ತಡೆಯುವ ಝಿಲ್ಟಿವೆಕಿಮ್ಯಾಬ್ ಎಂಬ ಔಷಧ 2021ರಲ್ಲಿ 264 ಮೂತ್ರಪಿಂಡ ರೋಗಿಗಳಲ್ಲಿ ಸಿಆರ್‌ಪಿಯನ್ನು, ಔಷಧದ ಪ್ರಮಾಣಕ್ಕೆ ತಕ್ಕಂತೆ, ಶೇಕಡ 77ರಿಂದ 92ರವರೆಗೆ ಇಳಿಸಿತು. ಇಳಿದದ್ದು ಸೂಚಕ. ಆಯುಸ್ಸು ಹೆಚ್ಚುತ್ತದೆಯೇ, ಹೃದಯ ಉಳಿಯುತ್ತದೆಯೇ ಎಂದು ಕೇಳಲು ಸಾವಿರಾರು ರೋಗಿಗಳ ಝೀಯಸ್ ಪ್ರಯೋಗವನ್ನು ಅದೇ ವರ್ಷ ಆರಂಭಿಸಲಾಯಿತು. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ರೀತಿಯಲ್ಲಿ ಕೇಳುವುದೆಂದರೆ ಹೀಗೆ.

ಹೆಸರನ್ನು ನಂಬಿದರೆ ಆಗುವ ಅನಾಹುತ

ಈ ಚರ್ಚೆ ಪ್ರಯೋಗಶಾಲೆಗೆ ಸೀಮಿತವಲ್ಲ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಮೊದಲನೆಯದು ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದವನ್ನು ವೈದ್ಯಶಾಸ್ತ್ರ ‘ಸ್ಟೀರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು’ ಎಂದೇ ಕರೆಯುತ್ತದೆ. ಉರಿಯೂತವೇ ಮೂತ್ರಪಿಂಡ ರೋಗದ ಬೇರು ಎಂಬ ಮಾತನ್ನು ಅಕ್ಷರಶಃ ನಂಬಿದವರು ಇವು ಮೂತ್ರಪಿಂಡಕ್ಕೆ ಹಿತ ಎಂದು ತಿಳಿಯಬಹುದು. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಇಂಥ ಮಾತ್ರೆಗಳು ಪ್ರೊಸ್ಟಗ್ಲ್ಯಾಂಡಿನ್‌ಗಳ ಉತ್ಪಾದನೆಯನ್ನು ತಡೆಯುತ್ತವೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ದುರ್ಬಲ ಮೂತ್ರಪಿಂಡದಲ್ಲಿ ರಕ್ತ ಬರುವ ದಾರಿಯನ್ನು ತೆರೆದಿಡುವುದು ಅದೇ ಪ್ರೊಸ್ಟಗ್ಲ್ಯಾಂಡಿನ್‌ಗಳು. ಮಾತ್ರೆ ನುಂಗಿದಾಗ ಆ ದಾರಿ ಥಟ್ಟನೆ ಕಿರಿದಾಗುತ್ತದೆ. ಗ್ಲಿಫ್ಲೊಜಿನ್‌ಗಳ ಅಳತೆಯ ಕುಗ್ಗಿಸುವಿಕೆಯಲ್ಲ ಇದು. ರಕ್ತದ ಪೂರೈಕೆಗೇ ಪೆಟ್ಟು. ಮೂತ್ರಪಿಂಡ ರೋಗ ಇರುವವರು, ವಾಂತಿಭೇದಿಯಿಂದ ನೀರು ಕಳೆದುಕೊಂಡವರು, ರಕ್ತದೊತ್ತಡಕ್ಕೆ ಕೆಲವು ಬಗೆಯ ಔಷಧ ತೆಗೆದುಕೊಳ್ಳುವವರು ಇವನ್ನು ವೈದ್ಯರನ್ನು ಕೇಳದೆ ನುಂಗಬಾರದು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ಮಂಡಿನೋವಿಗೆ ತಿಂಗಳುಗಟ್ಟಲೆ ನುಂಗುವ ಹಿರಿಯರು ನಮ್ಮ ಊರೂರಿನಲ್ಲೂ ಇದ್ದಾರೆ.

ಎರಡನೆಯದು ಅರಿಶಿನ. ಅಡುಗೆಯ ಅರಿಶಿನದ ಮೇಲೆ ಯಾವ ದೂರೂ ಇಲ್ಲ. ಆದರೆ ಅದರ ಸಾರವಾದ ಕರ್ಕ್ಯುಮಿನ್ ಗುಳಿಗೆಗಳನ್ನು ‘ಉರಿಯೂತ ನಿವಾರಕ’ ಎಂದು ಮಾರುವುದನ್ನು ನೀವು ಕಂಡಿರುತ್ತೀರಿ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಪ್ರಣಾಳದ ಪರೀಕ್ಷೆಗಳಲ್ಲಿ ಅದು ಪರೀಕ್ಷಾ ವಿಧಾನವನ್ನೇ ಗೊಂದಲಗೊಳಿಸಿ ಸುಳ್ಳು ಫಲಿತಾಂಶ ಕೊಡುವುದುಂಟು ಎಂದು 2017ರಲ್ಲಿ ರಸಾಯನವಿಜ್ಞಾನಿಗಳು ವಿವರವಾಗಿ ತೋರಿಸಿದರು. ಕೆನಡಾದಲ್ಲಿ ಐನೂರಕ್ಕೂ ಹೆಚ್ಚು ಮೂತ್ರಪಿಂಡ ರೋಗಿಗಳ ಮೇಲೆ, ಸುಲಭವಾಗಿ ಹೀರಲ್ಪಡುವಂತೆ ಸೂಕ್ಷ್ಮಕಣಗಳಾಗಿಸಿದ ಕರ್ಕ್ಯುಮಿನ್‌ನ ಪರೀಕ್ಷೆ ನಡೆದಾಗ ಅದು ರೋಗವನ್ನು ನಿಧಾನಗೊಳಿಸಲಿಲ್ಲ. ಅರಿಶಿನದಲ್ಲಿ ಆಕ್ಸಲೇಟ್ ಇದೆ. ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಸೇವಿಸಿದವರ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಟ್ಟಿ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ.

ತೀರ್ಮಾನ

ಮೂತ್ರಪಿಂಡದ ದೀರ್ಘಕಾಲಿಕ ರೋಗದಲ್ಲಿ ಉರಿಯೂತ ಬರೀ ಸಾಕ್ಷಿಯಲ್ಲ. ಗಾಯವನ್ನು ಕಲೆಯಾಗಿಸುವಲ್ಲಿ, ರಕ್ತನಾಳಗಳನ್ನು ಕೆಡಿಸುವಲ್ಲಿ ಅದರ ಕೈವಾಡವಿದೆ. ಆದರೆ ಲೂಪಸ್‌ನಂಥ ರೋಗಗಳನ್ನು ಬಿಟ್ಟರೆ ಮೊದಲ ಪೆಟ್ಟು ಕೊಡುವುದು ಹೆಚ್ಚಾಗಿ ಸಕ್ಕರೆ ಮತ್ತು ಒತ್ತಡ. ಇಲ್ಲಿಯವರೆಗೆ ಮೂತ್ರಪಿಂಡಗಳನ್ನು ನಿಜವಾಗಿ ಉಳಿಸಿದ ಚಿಕಿತ್ಸೆಗಳಲ್ಲಿ ಬಹುಪಾಲು ಆ ಪೆಟ್ಟನ್ನೇ ತಗ್ಗಿಸಿದವು. ಸೂಚಕವನ್ನು ಇಳಿಸುವುದು ಒಂದು, ರೋಗಿಯನ್ನು ಉಳಿಸುವುದು ಇನ್ನೊಂದು ಎಂಬುದನ್ನು ಬೀಕನ್ ಪ್ರಯೋಗದ ರೋಗಿಗಳು ತಮ್ಮ ಜೀವದ ಬೆಲೆಯಲ್ಲಿ ಕಲಿಸಿದ್ದಾರೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಸಲಹೆ. ‘ಇಂಥ ರೋಗಕ್ಕೆ ಇಂಥದೇ ಕಾರಣ’ ಎಂಬ ಸುದ್ದಿಯೊಂದನ್ನು ತರಗತಿಗೆ ಒಯ್ದು ವಿದ್ಯಾರ್ಥಿಗಳಿಂದ ನಾಲ್ಕು ಪ್ರಶ್ನೆ ಕೇಳಿಸಿ. ಅಳೆದದ್ದು ಏನನ್ನು? ಆ ಅಳತೆ ಬೇರೆ ಕಾರಣದಿಂದಲೂ ಏರಬಹುದೇ? ಬಾಣದ ಬಲ ಎಷ್ಟು? ಬಾಣವನ್ನು ಕತ್ತರಿಸಿ ಮನುಷ್ಯರಲ್ಲಿ ನೋಡಿದ್ದಾರೆಯೇ? ಈ ನಾಲ್ಕಕ್ಕೆ ಉತ್ತರ ಹುಡುಕುವ ವಿದ್ಯಾರ್ಥಿ ಮುಂದೆ ವೈದ್ಯನಾಗಲಿ, ಆಗದಿರಲಿ, ಗುಳಿಗೆಯ ಡಬ್ಬಿಯ ಮೇಲಿನ ಬರಹಕ್ಕೆ ಸುಲಭವಾಗಿ ಮರುಳಾಗುವುದಿಲ್ಲ.

ಮಧುಮೇಹವೋ ರಕ್ತದೊತ್ತಡವೋ ಇರುವ ಓದುಗರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಎರಡೂ ಸಾಧಾರಣ ಪ್ರಯೋಗಾಲಯಗಳಲ್ಲಿ ಆಗುವ ಪರೀಕ್ಷೆಗಳು. ರೋಗ ಮೌನವಾಗಿರುವ ಹಂತದಲ್ಲೇ ಅದನ್ನು ಹಿಡಿಯುವ ದಾರಿ ಅದು.